ಪಡಿಪ್ಪಿರೆಯಿಂದ ಚಾವಡಿಗೆ: ತುಳುನಾಡಿನ ಕೋಟೆಮನೆಗಳು

ಕೊಟ್ಟಾರದಿಂದ ಬೋಳೂರಿನ ಕಡೆ ಹೊಳೆಬದಿಗೆ ಇಳಿದವರಿಗೆ ಸುಲ್ತಾನ್ ಬತ್ತೇರಿ ಸಿಗುತ್ತದೆ. ಗುರುಪುರ ಹೊಳೆಯ ಮೂಲಕ ಯುದ್ಧನೌಕೆಗಳು ಒಳನುಗ್ಗದಂತೆ ಕಣ್ಣಿಡಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಬುರುಜು ಅದು. ಗೋಡೆಯಲ್ಲಿ ಫಿರಂಗಿಯ ಕಿಂಡಿಗಳಿವೆ, ಅಡಿಯಲ್ಲಿ ಮದ್ದಿನ ಕೋಣೆಯಿದೆ. ಅದೇ ಕೊಟ್ಟಾರದಿಂದ ಲೇಡಿಹಿಲ್, ಲಾಲ್‌ಬಾಗ್ ದಾಟಿ ಬಲ್ಲಾಳ್‌ಬಾಗಿಗೆ ಬಂದರೆ ಕೊಡಿಯಾಲ್‌ಗುತ್ತು ಇದೆ. ಹೆಂಚಿನ ಇಳಿಮಾಡು, ಜಗಲಿ, ಮರದ ಕಂಬಗಳ ಆ ಹಳೆಯ ಗುತ್ತಿನ ಮನೆ ಈಗ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಘಟಕದ ಆಸರೆಯಲ್ಲಿ ಕಲೆ ಮತ್ತು ಸಂಸ್ಕೃತಿಯ ಕೇಂದ್ರವಾಗಿದೆ. ಬತ್ತೇರಿಯನ್ನು ನೋಡಿದ ಯಾರಾದರೂ ಕೋಟೆ ಎಂದೇ ಕರೆಯುತ್ತಾರೆ. ಗುತ್ತಿನ ಮನೆಯನ್ನು ಹಾಗೆ ಕರೆಯುವವರು ಕಡಿಮೆ. ಆದರೆ ಊರಿನ ಅನ್ನ, ನ್ಯಾಯ, ನಂಬಿಕೆ ಮೂರನ್ನೂ ಶತಮಾನಗಳ ಕಾಲ ಒಳಗಿಟ್ಟು ಕಾದದ್ದು ಬತ್ತೇರಿಯಂಥ ಬುರುಜುಗಳಿಗಿಂತ ಹೆಚ್ಚಾಗಿ ಇಂಥ ಮನೆಗಳೇ.

ಮನೆಯನ್ನೇ ಕೋಟೆಯಾಗಿಸುವ ಪದ್ಧತಿ ಜಗತ್ತಿನ ಹಲವು ಕಡೆ ಇತ್ತು. ಮಧ್ಯಯುಗದ ಫ್ರಾನ್ಸ್‌ನಲ್ಲಿ ದೊಡ್ಡ ದೊರೆಗಳ ಕೋಟೆಗಳ ಜೊತೆಗೆ, ಸಣ್ಣ ಪಾಳೆಯಗಾರರು ವಾಸವಿದ್ದ ‘ಮೇಜೊಂ ಫೋರ್ತ್’ ಎಂಬ ಭದ್ರ ಮನೆಗಳೂ ನೂರಾರು ಎದ್ದಿದ್ದವು. ಸುತ್ತ ನೀರು ತುಂಬಿದ ಕಂದಕ, ಒಂದೇ ಹೆಬ್ಬಾಗಿಲು, ದಪ್ಪ ಗೋಡೆ, ಒಳಗೆ ದನದ ಹಟ್ಟಿ ಮತ್ತು ಕಣಜ. ಇಂಥ ಮನೆ ಕಟ್ಟಲು ಮೇಲಿನ ಒಡೆಯನ ಒಪ್ಪಿಗೆ ಬೇಕಿತ್ತು. ಇಂಗ್ಲೆಂಡಿನಲ್ಲಿಯೂ ಅದೇ ಕಟ್ಟಳೆ. ಲಡ್ಲೋ ಊರಿನ ಉಣ್ಣೆ ವ್ಯಾಪಾರಿ ಲಾರೆನ್ಸ್ ತನ್ನ ಸ್ಟೋಕ್ಸೇ ಮನೆಗೆ ಕೋಟೆಯ ತೆನೆ ಇಡಲು 1291ರಲ್ಲಿ ದೊರೆಯಿಂದ ಪರವಾನಿಗೆ ಪಡೆದ. ಆ ಮನೆ ಈಗಲೂ ನಿಂತಿದೆ. ಯಾರು ಗೋಡೆ ಎತ್ತಬಹುದು, ಎಷ್ಟು ಎತ್ತರಕ್ಕೆ ಎತ್ತಬಹುದು ಎಂಬುದರಲ್ಲೇ ಅಧಿಕಾರದ ಲೆಕ್ಕವಿತ್ತು.

ತುಳುನಾಡಿನಲ್ಲಿ ಆ ಲೆಕ್ಕವನ್ನು ಮನೆಯ ಹೆಸರೇ ಹೇಳುತ್ತಿತ್ತು. ಅರಸು ಮನೆತನದ ನೆಲೆ ಅರಮನೆ ಅಥವಾ ಬೀಡು. ಅದರ ಕೆಳಗೆ ಗ್ರಾಮದ ಆಡಳಿತ ನೋಡುವ ಗುತ್ತು. ಬರ್ಕೆ, ಪರಾರಿ ಮೊದಲಾದ ಮನೆಗಳಿಗೆ ಅವುಗಳದೇ ಸ್ಥಾನ, ಅವುಗಳದೇ ಹೊಣೆ. ದೈವದ ನೇಮದಲ್ಲಿ ಯಾವ ಮನೆಯವರನ್ನು ಮೊದಲು ಕರೆಯಬೇಕು, ಯಾರು ಎಲ್ಲಿ ನಿಲ್ಲಬೇಕು ಎಂಬುದು ಈಗಲೂ ಇದೇ ಕ್ರಮದಲ್ಲಿ ನಡೆಯುತ್ತದೆ. ಗುತ್ತಿನ ಯಜಮಾನಿಕೆಗೆ ಬಂದವರು ಗಡಿ ಹಿಡಿಯಬೇಕು. ಗಡಿ ಪ್ರದಾನವಾದ ಮೇಲೆ ಅವರು ತಮ್ಮ ಸಂಸಾರಕ್ಕೆ ಮಾತ್ರ ಸೇರಿದವರಲ್ಲ, ಊರಿನ ಗುತ್ತಿನಾರ್. ಮನೆಯ ಹಕ್ಕು ಅಳಿಯಸಂತಾನದ ಪ್ರಕಾರ ಹೆಣ್ಣಿನ ಕವರಿನಲ್ಲಿ ಇಳಿಯುತ್ತಿದ್ದುದರಿಂದ ಆಸ್ತಿ ಒಡೆಯುತ್ತಿರಲಿಲ್ಲ. ಆ ದೊಡ್ಡ ಮನೆಗಳು ಅಷ್ಟು ಕಾಲ ದೊಡ್ಡದಾಗಿಯೇ ಉಳಿದುಕೊಂಡದ್ದಕ್ಕೆ ಇದು ಮುಖ್ಯ ಕಾರಣ.

ಆಳುಪರ ಕಾಲ ಮುಗಿದ ಮೇಲೆ ವಿಜಯನಗರದ ಅರಸರು ಈ ಕರಾವಳಿಯನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡು ಭಾಗ ಮಾಡಿ ಅಧಿಕಾರಿಗಳನ್ನು ನೇಮಿಸಿದರು. ಆದರೆ ನೆಲದ ಮೇಲಿನ ಹಿಡಿತ ಸ್ಥಳೀಯ ಮನೆತನಗಳ ಕೈಯಲ್ಲೇ ಇತ್ತು. ಬಂಗಾಡಿ ಮತ್ತು ನಂದಾವರದಲ್ಲಿ ಬಂಗರು, ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಕಾರ್ಕಳದಲ್ಲಿ ಭೈರರಸರು, ಮೂಲ್ಕಿಯಲ್ಲಿ ಸಾವಂತರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು, ಸೂರಾಲಿನಲ್ಲಿ ತೊಳಹರು. ಒಬ್ಬೊಬ್ಬರ ಸೀಮೆಯೂ ಒಂದೆರಡು ದಿನದ ನಡಿಗೆಯಲ್ಲಿ ಮುಗಿಯುವಂಥದ್ದು. ಇಷ್ಟು ಒತ್ತೊತ್ತಾಗಿ ಅರಸರಿದ್ದ ನಾಡಿನಲ್ಲಿ ಗಡಿಜಗಳ ದಿನನಿತ್ಯದ ಮಾತು. ಅದಕ್ಕೆ ತಕ್ಕ ಹಾಗೆ ಮನೆಯನ್ನೂ ಕಟ್ಟಬೇಕಾಯಿತು.

ಕರಾವಳಿಯಲ್ಲಿ ಘಟ್ಟದ ಮೇಲಿನ ಹಾಗೆ ಒತ್ತಾಗಿ ಮನೆಗಳಿರುವ, ಸುತ್ತ ಊರಗೋಡೆ ಇರುವ ಹಳ್ಳಿಗಳಿಲ್ಲ. ಒಂದೊಂದು ಮನೆ ಅದರದರ ಗದ್ದೆಯ ಅಂಚಿನಲ್ಲಿ ಒಂಟಿಯಾಗಿರುತ್ತದೆ. ಇಲ್ಲಿನ ಗದ್ದೆಗಳಲ್ಲಿ ಮೂರು ಬಗೆ: ತಗ್ಗಿನಲ್ಲಿ ನೀರು ನಿಲ್ಲುವ ಬೈಲು, ಅದರ ಮೇಲೆ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು. ಹಳೆಯ ಗುತ್ತುಗಳನ್ನು ಹುಡುಕಿಕೊಂಡು ಹೋದರೆ ಹೆಚ್ಚಿನವು ಮಜಲು ಮುಗಿದು ಬೆಟ್ಟು ಏರುವ ಜಾಗದಲ್ಲೇ ಸಿಗುತ್ತವೆ. ಮುಂದೆ ಕಣ್ಣು ಹರಿಯುವಷ್ಟು ದೂರ ಬೈಲು, ಬೆನ್ನಿಗೆ ಗುಡ್ಡೆ. ಬೈಲಿನ ಹುಣಿಯ ಮೇಲೆ ಸಾಲಾಗಿ ನಡೆದು ಬರುವವರು ಎಷ್ಟು ಮಂದಿ, ಕೈಯಲ್ಲಿ ಏನಿದೆ ಎಂಬುದು ಅವರು ಮನೆ ಮುಟ್ಟುವ ಎಷ್ಟೋ ಮುಂಚೆ ಜಗಲಿಯಲ್ಲಿ ಕುಳಿತವರಿಗೆ ಗೊತ್ತಾಗುತ್ತಿತ್ತು. ಮಳೆಗಾಲದಲ್ಲಿ ಆ ಬೈಲೇ ಕೆಸರಿನ ಕಂದಕ. ಕೋಟೆಯ ಅರ್ಧ ಕೆಲಸವನ್ನು ಜಾಗದ ಆಯ್ಕೆಯೇ ಮುಗಿಸಿಬಿಡುತ್ತಿತ್ತು.

ಉಳಿದರ್ಧವನ್ನು ಮಣ್ಣು, ಮುರಕಲ್ಲು ಮತ್ತು ಹಲಸಿನ ಮರ ಮಾಡಿದವು. ಜಾಗದ ಸುತ್ತ ಅಗಳು ತೋಡಿ, ಅದೇ ಮಣ್ಣನ್ನು ಒಳಬದಿಗೆ ದಿಣ್ಣೆಯಾಗಿ ಏರಿಸಿದರೆ ಅದೇ ಮೊದಲ ಸುತ್ತು. ಅದನ್ನು ದಾಟಲು ಒಂದು ಸಂಕ, ಒಂದು ತಡಮೆ ಅಥವಾ ದಣಪೆ. ಅಲ್ಲಿಂದ ಮುಂದೆ ಪಡಿಪ್ಪಿರೆ. ಇದು ಬರೇ ಗೇಟು ಎಂದು ತಿಳಿದವರು ಒಮ್ಮೆ ಒಳ್ಳೆಯ ಪಡಿಪ್ಪಿರೆಯ ಒಳಗೆ ನಿಂತು ನೋಡಬೇಕು. ಅದಕ್ಕೆ ಅದರದೇ ಮಾಡು, ಅದರದೇ ಕಂಬ, ಎರಡೂ ಬದಿಗೆ ಕುಳಿತುಕೊಳ್ಳುವ ಜಗಲಿ. ಕೆಲವು ಕಡೆ ಮೇಲೆ ಅಟ್ಟ. ಬಾಗಿಲಿಗೆ ಒಂದೇ ಹಲಗೆಯ ದಪ್ಪ ಪಡಿ, ಒಳಗಿನಿಂದ ಗೋಡೆಯ ತೂತಿಗೆ ಸರಿಯುವ ಅಗುಳಿ. ಬಂದವರ ಗುರುತು, ಬಂದ ಕೆಲಸ, ತಂದ ಆಯುಧ ಎಲ್ಲವೂ ವಿಚಾರಣೆಯಾಗುತ್ತಿದ್ದುದು ಇಲ್ಲೇ. ಒಳಗೆ ಕರೆಯಬೇಕೋ ಅಲ್ಲೇ ಕೂರಿಸಿ ನೀರು-ಬೆಲ್ಲ ಕೊಟ್ಟು ಕಳಿಸಬೇಕೋ ಎಂಬ ತೀರ್ಮಾನವೂ ಇಲ್ಲಿಯೇ. ಜಾತಿಯ ಕಟ್ಟುಪಾಡು ಇದ್ದ ಕಾಲದಲ್ಲಿ ಎಷ್ಟೋ ದುಡಿಯುವ ಜನ ಜೀವಮಾನದಲ್ಲಿ ಈ ಹೊಸ್ತಿಲನ್ನು ದಾಟಲೇ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕೋಟೆ ಶತ್ರುವನ್ನು ಮಾತ್ರ ಹೊರಗಿಡಲಿಲ್ಲ.

ಪಡಿಪ್ಪಿರೆ ದಾಟಿದರೆ ಜಾಲು, ಅಂದರೆ ಅಂಗಳ. ಅಂಗಳಕ್ಕಿಂತ ಆಳೆತ್ತರಕ್ಕೆ ಚಾವಡಿಯ ಪಂಚಾಂಗ. ಮೆಟ್ಟಿಲು ಕಡಿದು, ಅಗಲ ಕಿರಿದು. ಒಳಬಾಗಿಲು ಎಷ್ಟು ತಗ್ಗು ಎಂದರೆ ಯಾರೇ ಆಗಲಿ ತಲೆ ಬಗ್ಗಿಸದೆ ಹೋಗುವಂತಿಲ್ಲ. ಬಗ್ಗಿದವನ ಕೈ ಒರೆಗೆ ಹೋಗುವ ಮೊದಲೇ ಒಳಗಿನವನು ಎಚ್ಚೆತ್ತಿರುತ್ತಾನೆ. ಕಿಟಕಿಗಳು ಸಣ್ಣವು, ಅವಕ್ಕೆ ದಪ್ಪ ಮರದ ಸರಳುಗಳು. ಚೌಕಿಯ ಮನೆಯಾದರೆ ನಾಲ್ಕೂ ಸುತ್ತು ಕಟ್ಟಡ, ನಡುವೆ ಆಕಾಶಕ್ಕೆ ತೆರೆದ ಅಂಗಳ. ಹೊರಗಿನ ಬಾಗಿಲು ಹಾಕಿಬಿಟ್ಟರೆ ಗಾಳಿ, ಬೆಳಕು, ಬಾವಿಯ ನೀರು, ಭತ್ತ ಎಲ್ಲವೂ ಒಳಗೇ ಸಿಗುವ ಏರ್ಪಾಡು.

ಗೋಡೆಯ ಮಾತಿಗೆ ಬಂದರೆ, ಮುರಕಲ್ಲಿನದು ವಿಚಿತ್ರ ಗುಣ. ಕೋರೆಯಲ್ಲಿ ಕಡಿಯುವಾಗ ಕತ್ತಿಗೆ ಬಗ್ಗುವಷ್ಟು ಮೆತ್ತಗಿರುತ್ತದೆ, ಗಾಳಿ-ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಇದೇ ಗುಣವನ್ನು ಕಂಡು ಬೆರಗಾದ ಫ್ರಾನ್ಸಿಸ್ ಬುಕಾನನ್ ಆ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಮಲಬಾರಿನ ಅಂಗಡಿಪುರದ ಕಲ್ಲು ನೋಡಿ ಅವನು ಬರೆದ ಟಿಪ್ಪಣಿ 1807ರಲ್ಲಿ ಅಚ್ಚಾಯಿತು. 1801ರಲ್ಲಿ ಅವನು ಮಂಗಳೂರಿನ ಈ ಸೀಮೆಯಲ್ಲೂ ಓಡಾಡಿದ್ದ. ಮುರಕಲ್ಲು ಸಿಗದ ಕಡೆ, ಅಥವಾ ಖರ್ಚು ಹೆಚ್ಚೆನಿಸಿದ ಕಡೆ ಮಣ್ಣಿನ ಗೋಡೆ. ಕೆಂಪು ಮಣ್ಣಿಗೆ ನೀರು ಹಾಕಿ ತುಳಿದು ಹದ ಮಾಡಿ, ಮುದ್ದೆ ಕಟ್ಟಿ ಒಂದು ವರಿ ಇಡುವುದು, ಅದು ಒಣಗಿದ ಮೇಲೆ ಮತ್ತೊಂದು ವರಿ. ಮಳೆ ಬೀಳುವ ಮುನ್ನ ಮಾಡು ಮುಚ್ಚಲೇಬೇಕು, ಇಲ್ಲವಾದರೆ ಒಂದು ಆಷಾಢ ಸಾಕು.

ಇಂಥ ಮನೆಗೆ ಗುಂಡಿಗಿಂತ ಬೆಂಕಿಯ ಭಯ ಹೆಚ್ಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯುವ ತನಕ ಇಲ್ಲಿನ ಹೆಚ್ಚಿನ ಮಾಡುಗಳು ಮುಳಿಹುಲ್ಲಿನವು, ಮಡಲಿನವು. ಒಂದು ಕೊಳ್ಳಿ ಬಿದ್ದರೆ ಮುಗಿಯಿತು. ಅದಕ್ಕೆಂದೇ ಚಾವಡಿ ಮತ್ತು ಒಳಕೋಣೆಗಳ ಮೇಲೆ ಹಲಗೆಯ ಮುಚ್ಚಿಗೆ ಹೊದಿಸಿ, ಹಲಗೆಯ ಮೇಲೆ ಗೇಣು ದಪ್ಪಕ್ಕೆ ಮಣ್ಣು ಹಾಸುತ್ತಿದ್ದರು. ಮೇಲಿನ ಹುಲ್ಲು ಉರಿದು ಬೂದಿಯಾದರೂ ಮಣ್ಣಿನ ಪದರ ಬೆಂಕಿಯನ್ನು ಕೆಳಗೆ ಇಳಿಯಗೊಡದು. ಕೋಣೆಯ ಒಳಗಿನ ಪತ್ತಾಯ, ಪೆಟ್ಟಿಗೆ, ದೈವದ ಭಂಡಾರ ಉಳಿಯುತ್ತಿದ್ದವು. ಏಪ್ರಿಲ್ ಸೆಕೆಯಲ್ಲಿ ಆ ಕೋಣೆಗಳು ತಂಪಾಗಿರುವುದು ಎಲ್ಲರಿಗೂ ಗೊತ್ತು. ಆ ತಂಪಿನ ಹಿಂದೆ ಬೆಂಕಿಯ ಹೆದರಿಕೆ ಇತ್ತು ಎಂಬುದು ಮರೆತುಹೋಗಿದೆ. ಮುಚ್ಚಿಗೆಯಂಥ ಸರಳ, ಬುದ್ಧಿವಂತ ಏರ್ಪಾಡು ಈ ನಾಡಿನ ಬಡಗಿಗಳ ಕೈಯಿಂದ ಬಂದದ್ದು ಹೆಮ್ಮೆಪಡಬೇಕಾದ ಸಂಗತಿ.

ಒಳಗಿದ್ದದ್ದೇನು? ಚಿನ್ನ ಇದ್ದಿರಬಹುದು, ಆದರೆ ಮುಖ್ಯ ಸಂಪತ್ತು ಅಕ್ಕಿ. ಗೇಣಿಯನ್ನು ಮುಡಿಯ ಲೆಕ್ಕದಲ್ಲಿ ತರುತ್ತಿದ್ದರು. ಬೈಹುಲ್ಲಿನಲ್ಲಿ ಸುತ್ತಿ ಬಿಗಿದು ಗುಂಡಗೆ ಕಟ್ಟಿದ ಒಂದು ಮುಡಿಗೆ 42 ಸೇರು. ಅಂಗಳದಲ್ಲಿ ಭತ್ತದ ತುಪ್ಪೆ, ಒಳಗೆ ಮರದ ಪತ್ತಾಯ. ಈ ಅಕ್ಕಿಯ ಮೇಲೆ ಸಮುದ್ರದಾಚೆಯವರ ಕಣ್ಣೂ ಇತ್ತು. ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬುತ್ತಿದ್ದದ್ದು ಬಹುಪಾಲು ಕೆನರಾದ ಅಕ್ಕಿಯಿಂದ. 1526ರಲ್ಲಿ ಅವರು ಮಂಗಳೂರಿನ ಮೇಲೆ ಬಂದರು, 1568ರಲ್ಲಿ ಇಲ್ಲಿಯೇ ಸೈಂಟ್ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿದರು. ಸೋತ ಅರಸರಿಂದ ಅವರು ಕೇಳುತ್ತಿದ್ದ ಕಪ್ಪ ಅಕ್ಕಿಯ ರೂಪದಲ್ಲಿ. ಉಳ್ಳಾಲದ ಚೌಟ ರಾಣಿ ಅಬ್ಬಕ್ಕ ಕಪ್ಪ ಕೊಡಲೊಲ್ಲೆ ಎಂದಾಗ ಕೈಬಿಡದಂತೆ ಹಿಡಿದದ್ದು ತನ್ನ ಜನರ ಅನ್ನದ ತುಪ್ಪೆಯನ್ನೇ.

ಅದೇ ಮನೆತನದ ಇನ್ನೊಬ್ಬ ರಾಣಿಯನ್ನು ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲ್ಲೆ 1623ರ ಕೊನೆಯಲ್ಲಿ ಗುರುಪುರ ಹೊಳೆಯ ಮೇಲ್ಭಾಗದ ಮಣೇಲಿನಲ್ಲಿ ಕಂಡ. ಅವನು ಎಣಿಸಿದ್ದು ಸಿಂಹಾಸನ, ದರ್ಬಾರು. ಕಂಡದ್ದು ಬೇರೆಯೇ. ಆಕೆ ಅಗಳು ತೋಡಿಸುವ ಕೆಲಸ ನೋಡಲು ತಾನೇ ನಡೆದು ಬಂದಿದ್ದಳು. ಕಾಲಿಗೆ ಮೆಟ್ಟಿಲ್ಲ, ಮೈಮೇಲೆ ಸಾದಾ ಹತ್ತಿಯ ಬಟ್ಟೆ, ತಲೆಯ ಮೇಲೆ ಆಳುಗಳು ಹಿಡಿದ ತಾಳೆಗರಿಯ ಕೊಡೆ. ದಾರಿಯಲ್ಲೇ ನಿಂತು ಅವನೊಂದಿಗೆ ಮಾತಾಡಿದಳು. ಯುರೋಪಿನ ಆಸ್ಥಾನಗಳನ್ನು ಕಂಡವನಿಗೆ ಇದು ಬಡತನದಂತೆ ತೋರಿರಬಹುದು. ತುಳುನಾಡಿನ ಆಡಳಿತ ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಇನ್ನೊಂದಿಲ್ಲ: ಗದ್ದೆಯನ್ನೂ ಕಂದಕವನ್ನೂ ತಾನೇ ನಿಂತು ನೋಡಿಕೊಳ್ಳುವ ಅರಸಿ.

ಈ ಅರಸು ಮನೆತನದ ಕಟ್ಟಡವನ್ನು ಕಣ್ಣಾರೆ ನೋಡಬೇಕಾದರೆ ಮೂಡುಬಿದಿರೆಗೆ ಹೋಗಬೇಕು. ಚೌಟರ ಅರಮನೆ ಕಟ್ಟಿದ್ದು 1643ರಲ್ಲಿ ಎನ್ನುತ್ತಾರೆ. ವಂಶಸ್ಥರ ವಾಸ ಅಲ್ಲಿ ಇಂದಿಗೂ ಇದೆ. 1430ರಲ್ಲಿ ಆರಂಭವಾದ ಸಾವಿರ ಕಂಬದ ಬಸದಿಯ ಗಾಂಭೀರ್ಯದ ಮುಂದೆ ಈ ಅರಮನೆ ಹೊರಗಿನಿಂದ ತೀರಾ ಸಾಮಾನ್ಯ ಮನೆಯ ಹಾಗೆ ಕಾಣುತ್ತದೆ. ಕಲ್ಲಿನ ಅಬ್ಬರವನ್ನೆಲ್ಲ ದೇವರಿಗೆ ಕೊಟ್ಟು, ಅರಸರು ತಮಗೆ ಮಣ್ಣು ಮತ್ತು ಮರ ಇಟ್ಟುಕೊಂಡರು. ಆದರೆ ಚಾವಡಿಯ ಕಂಬಗಳ ಹತ್ತಿರ ಹೋದವರು ಬೇಗ ಹಿಂದೆ ಬರಲಾರರು. ಒಂದು ಕಂಬದಲ್ಲಿ ನವನಾರೀಕುಂಜರ: ಒಂಬತ್ತು ಹೆಂಗಸರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಒಬ್ಬಳ ಬಾಗಿದ ಬೆನ್ನು ಆನೆಯ ಬೆನ್ನಾಗಿ, ಇನ್ನೊಬ್ಬಳ ದೇಹ ಸೊಂಡಿಲಾಗಿ ಇಳಿದಿದೆ. ಮತ್ತೊಂದರಲ್ಲಿ ಪಂಚನಾರೀತುರಗ: ಐವರು ಸೇರಿ ಒಂದು ಕುದುರೆ. ದೂರದಿಂದ ಪ್ರಾಣಿ, ಹತ್ತಿರದಿಂದ ಮುಖಗಳು. ಅರಸನನ್ನು ಕಾಣಲು ಬಂದವರು ಸರದಿ ಕಾಯುತ್ತ ಕುಳಿತಾಗ ಕಣ್ಣಿಗೆ ಬೀಳುವಷ್ಟೇ ಎತ್ತರದಲ್ಲಿ ಶಿಲ್ಪಿ ತನ್ನ ಕೈಚಳಕ ತೋರಿಸಿದ್ದಾನೆ.

ಉಡುಪಿ ಜಿಲ್ಲೆಯ ಕೊಕ್ಕರ್ಣೆಯ ಹತ್ತಿರ ಸೂರಾಲಿನಲ್ಲಿ ತೊಳಹರ ಅರಮನೆ ಇದೆ. ಅದರ ಹೆಸರೇ ಮಣ್ಣಿನ ಅರಮನೆ. ಅರಸರ ಮನೆಯೂ ಪೂರ್ತಿ ಮಣ್ಣಿನದೇ ಆಗಿರಬಹುದು, ಅದು ಶತಮಾನಗಟ್ಟಲೆ ಕರಾವಳಿಯ ಮಳೆಯನ್ನು ತಾಳಿ ನಿಲ್ಲಬಹುದು ಎಂಬುದಕ್ಕೆ ಅದು ಸಾಕ್ಷಿ. ರಾಜ್ಯದ ಪುರಾತತ್ತ್ವ ಇಲಾಖೆ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದ್ದು ಒಳ್ಳೆಯ ಕೆಲಸ. ಮಣ್ಣಿನ ಕಟ್ಟಡ ಒಮ್ಮೆ ದುರಸ್ತಿ ಮಾಡಿ ಕೈತೊಳೆದುಕೊಳ್ಳುವಂಥದ್ದಲ್ಲ. ಮಾಡಿನ ಒಂದು ಹೆಂಚು ಜಾರಿದ್ದನ್ನು ಮಳೆಗೆ ಮುಂಚೆ ಗಮನಿಸದಿದ್ದರೆ ಮುಂದಿನ ವರ್ಷಕ್ಕೆ ಗೋಡೆಯೇ ಇರುವುದಿಲ್ಲ.

ಕೋಟೆಮನೆಗಳ ಹಲ್ಲು ಕಿತ್ತವರು ಹಲವರು. ಫ್ರಾನ್ಸ್‌ನಲ್ಲಿ 1626ರಲ್ಲಿ ಮಂತ್ರಿ ರಿಶೆಲ್ಯೂ ಗಡಿಯಲ್ಲಿಲ್ಲದ ಕೋಟೆಗಳನ್ನೆಲ್ಲ ಕೆಡವಲು ದೊರೆಯಿಂದ ಆಜ್ಞೆ ಹೊರಡಿಸಿದ. ಒಳನಾಡಿನ ಪಾಳೆಯಗಾರರು ಗೋಡೆಯ ಮರೆಯಲ್ಲಿ ದಂಗೆ ಏಳದಿರಲಿ ಎಂದು. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಕೆಳದಿಯ ವೆಂಕಟಪ್ಪ ನಾಯಕ ತುಳುನಾಡಿನ ಅರಸರನ್ನು ಒಬ್ಬೊಬ್ಬರಾಗಿ ತನ್ನ ಅಧೀನಕ್ಕೆ ತಂದ. ಮುಂದೆ ಶಿವಪ್ಪ ನಾಯಕನ ಕಾಲದಲ್ಲಿ ಬೇಕಲದಂಥ ಕೆಳದಿಯದೇ ಕೋಟೆಗಳು ಕರಾವಳಿಯುದ್ದಕ್ಕೂ ಎದ್ದವು. 1763ರಲ್ಲಿ ಹೈದರ್, 1799ರಲ್ಲಿ ಕಂಪನಿ ಸರ್ಕಾರ. ಅರಸುತನ ಹೋಗಿ ಪಿಂಚಣಿ ಬಂತು. ಆದರೂ ಕಿಚ್ಚು ಆರಿರಲಿಲ್ಲ. 1837ರಲ್ಲಿ ಅಮರಸುಳ್ಯದಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿದಾಗ ನಂದಾವರದ ಬಂಗರ ಮನೆತನ ಅದರ ಜೊತೆಗಿತ್ತು. ದಂಗೆ ಅಡಗಿದ ಮೇಲೆ ಲಕ್ಷ್ಮಪ್ಪ ಬಂಗರಸನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಆಮೇಲೆ ಯಾವ ಬೀಡಿನಿಂದಲೂ ದಂಡು ಹೊರಡಲಿಲ್ಲ.

ಹಾಗೆಂದು ಆಯುಧಗಳು ಮಾಯವಾಗಲಿಲ್ಲ. ದೈವದ ಭಂಡಾರದಲ್ಲಿ ಅವು ಈಗಲೂ ಇವೆ. ನೇಮದ ದಿನ ಗುತ್ತಿನ ಭಂಡಾರದ ಕೋಣೆ ತೆರೆಯುತ್ತದೆ. ಕಡ್ಸಲೆ, ಮೊಗ, ಬೆಳ್ಳಿಯ ಒಡವೆ ಮೆರವಣಿಗೆಯಲ್ಲಿ ಹೊರಡುತ್ತವೆ. ದೈವ ಗುತ್ತಿನಾರನ್ನು ಸ್ಥಾನದ ಹೆಸರಿನಿಂದ ಕರೆದು ನುಡಿ ಕೊಡುತ್ತದೆ, ಊರಿನ ತಕರಾರು ಕೇಳುತ್ತದೆ. ಚಾವಡಿಯ ಉಜ್ಜಾಲು ದೈವಕ್ಕೆ ಮೀಸಲು, ಮನೆಯವರು ಅದರಲ್ಲಿ ಕೂರುವುದಿಲ್ಲ. ಧರ್ಮಸ್ಥಳದ ಐತಿಹ್ಯವೂ ಇಂಥ ಒಂದು ಬೀಡಿನಿಂದಲೇ ಆರಂಭವಾಗುತ್ತದೆ: ಕುಡುಮದ ನೆಲ್ಯಾಡಿ ಬೀಡಿಗೆ ಅತಿಥಿಗಳಾಗಿ ಬಂದ ಧರ್ಮದೈವಗಳು ಬಿರ್ಮಣ್ಣ ಪೆರ್ಗಡೆಯವರಿಂದ ಆ ಮನೆಯನ್ನೇ ಕೇಳಿ ಪಡೆದವು ಎಂದು. ರಾಜಕೀಯ ಬಲ ಹೋದ ಮೇಲೂ ಈ ಮನೆಗಳು ಬಿದ್ದುಹೋಗದೆ ನಿಂತದ್ದಕ್ಕೆ ದೈವದ ಕೋಣೆಯಷ್ಟು ಗಟ್ಟಿ ಕಾರಣ ಬೇರೆ ಸಿಗದು.

ಕೊನೆಗೆ ಗುತ್ತುಗಳ ಗೋಡೆ ಒಡೆದದ್ದು ಫಿರಂಗಿ ಅಲ್ಲ, ಎರಡು ಕಾನೂನುಗಳು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಲು ದಾರಿ ತೆರೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನೇ ಇಲ್ಲವಾಗಿಸಿತು, ಉಳುವವನೇ ಹೊಲದೊಡೆಯನಾದ. ಪಡಿಪ್ಪಿರೆಯ ಹೊರಗೆ ತಲೆಮಾರುಗಟ್ಟಲೆ ನಿಂತವರ ಹೆಸರಿಗೆ ಭೂಮಿ ಬಂದದ್ದು ನ್ಯಾಯ. ಅದನ್ನು ಮರುಗುತ್ತ ಹೇಳಬೇಕಾದ್ದಿಲ್ಲ. ಆದರೆ ಮುಡಿ ಅಕ್ಕಿ ಬರುವುದು ನಿಂತ ಮೇಲೆ ಅಷ್ಟು ದೊಡ್ಡ ಮಾಡಿಗೆ ವರ್ಷವರ್ಷ ಹೆಂಚು ಹೊದಿಸುವವರು ಯಾರು ಎಂಬ ಪ್ರಶ್ನೆಗೆ ಯಾವ ಕಾನೂನಿನಲ್ಲೂ ಉತ್ತರ ಇರಲಿಲ್ಲ. ಎಳೆಯರು ಮುಂಬೈಗೆ, ಆಮೇಲೆ ಕೊಲ್ಲಿಗೆ ಹೋದರು. ಹಲಸಿನ ಕಂಬಗಳು ಹಳೆಮರದ ವ್ಯಾಪಾರಿಗಳ ಲಾರಿ ಏರಿದವು.

ಇದನ್ನು ಕಂಡು ಕೈಕಟ್ಟಿ ಕೂರದವರಲ್ಲಿ ಮಣಿಪಾಲದ ವಿಜಯನಾಥ ಶೆಣೈ ಅವರ ಹೆಸರು ಮೊದಲು ಬರಬೇಕು. ಕೆಡವಲು ಹೊರಟ ಮನೆಗಳನ್ನು ಕೊಂಡು, ಬಿಚ್ಚಿ, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. 1816ರ ಕುಂಜೂರು ಚೌಕಿ ಮನೆ ಅಲ್ಲಿದೆ. ನಾಲ್ಕೂ ಸುತ್ತು ಮುಚ್ಚಿದ ಮನೆಯ ನಡುವಿನ ಅಂಗಳದಲ್ಲಿ ನಿಂತು ಮೇಲೆ ನೋಡುವ ಅನುಭವ ಅಲ್ಲಿ ಸಿಗುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ ಮಾದರಿಯಾಗಿ ಕಟ್ಟಿದ ಗುತ್ತಿನ ಮನೆ ಇದೆ. ಶಾಲಾ ಮಕ್ಕಳಿಗೆ ತೋರಿಸಲು ಅದು ಒಳ್ಳೆಯ ಜಾಗ.

ಇವೆರಡರ ಹೊರಗೆ, ಸದ್ದಿಲ್ಲದೆ ನಡೆಯುತ್ತಿರುವ ಇನ್ನೊಂದು ಬೆಳವಣಿಗೆ ಇದೆ. ಪಾಲಾಗಿ ಚದುರಿದ ಕುಟುಂಬಗಳು ಈಗ ಟ್ರಸ್ಟ್ ಮಾಡಿಕೊಂಡು ಮೂಲಮನೆಯನ್ನು ಅದರ ಹೆಸರಿಗೆ ಬರೆದಿಡುತ್ತಿವೆ. ಮುಂಬೈ, ದುಬೈಯಿಂದ ವಂತಿಗೆ ಬರುತ್ತದೆ, ವರ್ಷಕ್ಕೊಮ್ಮೆ ತಂಬಿಲ, ಕೆಲವು ವರ್ಷಗಳಿಗೊಮ್ಮೆ ಧರ್ಮನೇಮ. ಕಷ್ಟವೆಂದರೆ, ಜೀರ್ಣೋದ್ಧಾರ ಎಂದ ತಕ್ಷಣ ಮಣ್ಣಿನ ಗೋಡೆ ಉರುಳಿಸಿ ಕಾಂಕ್ರೀಟು ಏರಿಸುವ, ಚಾವಡಿಯ ನೆಲಕ್ಕೆ ಗ್ರಾನೈಟ್ ಹಾಸುವ ಉಮೇದು. ಮುಚ್ಚಿಗೆ ತೆಗೆದು ಸ್ಲ್ಯಾಬ್ ಹಾಕಿದ ಚಾವಡಿಯಲ್ಲಿ ಏಪ್ರಿಲ್ ತಿಂಗಳ ನೇಮಕ್ಕೆ ಬಾಡಿಗೆ ಕೂಲರ್ ತರಿಸಬೇಕಾಗುತ್ತದೆ. ಮುರಕಲ್ಲು ಕಟ್ಟುವ ಮೇಸ್ತ್ರಿಗಳು, ಹಲಸಿನ ಮರದ ಗುಣ ಬಲ್ಲ ಆಚಾರಿಗಳು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಕೊಟ್ಟಾರ, ದೇರೆಬೈಲು, ಕಾವೂರು ಸುತ್ತಮುತ್ತಲ ಕುಟುಂಬಗಳಲ್ಲಿ ಯಾರ ಮೂಲಮನೆಯ ಕೆಲಸ ಈ ಬೇಸಿಗೆಯಲ್ಲಿ ಆರಂಭವಾಗಲಿದೆಯೋ ಅವರು ಗುತ್ತಿಗೆದಾರನ ಕೈಗೆ ಮುಂಗಡ ಕೊಡುವ ಮುನ್ನ ಪಡಿಪ್ಪಿರೆಯ, ಚಾವಡಿಯ, ಭಂಡಾರದ ಕೋಣೆಯ ಅಳತೆ ಹಿಡಿದು ನಕ್ಷೆ ಬರೆಸಿಟ್ಟುಕೊಳ್ಳಬೇಕು. ಮಂಗಳೂರಿನ ವಾಸ್ತುಶಿಲ್ಪ ವಿದ್ಯಾರ್ಥಿಗಳಿಂದ ಒಂದೆರಡು ದಿನದಲ್ಲಿ ಆಗುವ ಕೆಲಸ ಅದು. ಟ್ರಸ್ಟಿನ ಕಡತದಲ್ಲಿ ಆ ನಕ್ಷೆ ಇದ್ದರೆ, ಯಾವ ಕಂಬ ಎಲ್ಲಿತ್ತು ಎಂದು ಮುಂದೆ ಯಾರನ್ನೂ ಕೇಳಬೇಕಾಗುವುದಿಲ್ಲ.